ಹಸುಳೆಯ ಪರವಾಗಿ ಸಮ್ಮತಿ: ಒಂದು ಜಿಜ್ಞಾಸೆ

ಹಸುಳೆಗಳ ಮೇಲೆ ಪ್ರಯೋಗವೆಂಬ ಮಾತು ಕಿವಿಗೆ ಬಿದ್ದೊಡನೆ ಸಜ್ಜನರ ಮನಸ್ಸು ಮುದುಡಿಕೊಳ್ಳುವುದು ಸಹಜವೇ ಆಗಿದೆ. ಪ್ರಾಯಕ್ಕೆ ಬಂದ ಮನುಷ್ಯನು ತನ್ನ ದೇಹದ ವಿಷಯದಲ್ಲಿ ಒಪ್ಪಿಗೆಯನ್ನಾಗಲಿ ನಿರಾಕರಣೆಯನ್ನಾಗಲಿ ಬಾಯಿಬಿಟ್ಟು ಹೇಳಬಲ್ಲನು. ಹುಟ್ಟಿ ಒಂದು ಜಾವವೂ ಕಳೆಯದ ಶಿಶುವಿಗಾದರೋ ಅಳುವೊಂದನ್ನುಳಿದು ಬೇರೆ ಭಾಷೆಯಿಲ್ಲ. ಅಂಥ ಶಿಶುಗಳನ್ನು, ಅದರಲ್ಲಿಯೂ ಅವು ಸಾವುಬದುಕುಗಳ ನಡುವೆ ತೊಳಲುತ್ತಿರುವಾಗ, ಚೀಟಿ ಎತ್ತಿ ಎರಡು ಪಂಗಡ ಮಾಡಿ, ಒಂದಕ್ಕೆ ಒಂದು ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಮತ್ತೊಂದನ್ನೂ ಕೊಟ್ಟು, ಯಾವ ಪಂಗಡದಲ್ಲಿ ಎಷ್ಟು ಬದುಕಿದವೆಂದು ಲೆಕ್ಕವಿಡುವುದು ಧರ್ಮಸಮ್ಮತವೇ? ಶಿಶುಚಿಕಿತ್ಸೆಯಲ್ಲಿ ಇಂದು ಮುಖ್ಯವಾದ ಸಂದೇಹಗಳನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಈ ಕ್ರಮದಿಂದಲೇ. ನಮ್ಮ ನಾಡಿನ ಆಸ್ಪತ್ರೆಗಳಲ್ಲಿಯೂ ಇದು ನಡೆದಿದೆ. ಆದುದರಿಂದ ಇದನ್ನು ದೂರದ ಪಂಡಿತರ ಚರ್ಚೆಯೆಂದು ಬದಿಗಿಡುವಂತಿಲ್ಲ. ಮನೆಯಲ್ಲಿ ತುಂಬು ಗರ್ಭಿಣಿಯಿರುವ ಯಾರಿಗಾದರೂ ಒಂದು ರಾತ್ರಿ ಎದುರಾಗಬಹುದಾದ ಪ್ರಶ್ನೆಯಿದು.

ಪೂರ್ವಪಕ್ಷವನ್ನು ದುರ್ಬಲವಾಗಿ ಮಂಡಿಸಿ ಸುಲಭವಾಗಿ ಖಂಡಿಸುವುದು ವಾದದ ಮರ್ಯಾದೆಯಲ್ಲ. ಆಕ್ಷೇಪಿಸುವವರು ಹೇಳುವುದಿಷ್ಟು: ವೈದ್ಯನ ಕರ್ತವ್ಯ ತನ್ನೆದುರಿಗಿರುವ ಈ ಒಂದು ಮಗುವಿಗೆ ತನಗೆ ತಿಳಿದ ಅತ್ಯುತ್ತಮವನ್ನು ಮಾಡುವುದು, ಮುಂದೆ ಹುಟ್ಟಲಿರುವ ಸಾವಿರ ಮಕ್ಕಳ ಹಿತಕ್ಕಾಗಿ ಇಂದಿನ ಮಗುವನ್ನು ಅಳತೆಗೋಲನ್ನಾಗಿ ಮಾಡಿಕೊಳ್ಳಲು ಅವನಿಗೆ ಅಧಿಕಾರವಿಲ್ಲ. ಇನ್ನು ಚೀಟಿಯೆತ್ತುವುದೆಂದರೆ ವಿವೇಕವನ್ನು ಕೈಬಿಟ್ಟು ಜೂಜಿಗೆ ಇಳಿದಂತೆ. ತಂದೆತಾಯಿಗಳು ಸಹಿ ಮಾಡಿದರೆಂಬುದೂ ಸಮಾಧಾನವಲ್ಲ. ಏಕೆಂದರೆ ನೋವು ಅವರದಲ್ಲ, ಮಗುವಿನದು. ಈ ಮಾತುಗಳಲ್ಲಿ ತೂಕವಿದೆ. ಇವನ್ನು ಕೇವಲ ಭಾವುಕತೆಯೆಂದು ತಳ್ಳಿಹಾಕುವ ವಿದ್ವಾಂಸರ ಪಕ್ಷವನ್ನು ನಾವು ವಹಿಸಲಾರೆವು. ಆದರೂ ಇದಕ್ಕೆ ಉತ್ತರವನ್ನು ಬರಿಯ ತರ್ಕದಿಂದ ಹುಡುಕುವುದಕ್ಕಿಂತ, ನಡೆದುಹೋದ ಒಂದು ವೃತ್ತಾಂತವನ್ನು ಮೊದಲು ಪರಿಶೀಲಿಸುವುದು ಲೇಸು.

ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿನ ಶ್ವಾಸಕೋಶ ಪಕ್ವವಾಗಿರುವುದಿಲ್ಲ. ಉಸಿರು ತಡೆತಡೆದು ಬರುತ್ತದೆ, ತುಟಿ ನೀಲಿಗಟ್ಟುತ್ತದೆ. ಅದಕ್ಕೆ ಪ್ರಾಣವಾಯುವನ್ನು ಕೊಟ್ಟರೆ ನೀಲಿ ಕರಗಿ ಮೈ ಕೆಂಪೇರುತ್ತದೆ. ಕಣ್ಣಿಗೆ ಕಾಣುವ ಇಂಥ ಉಪಕಾರವನ್ನು ಸಂದೇಹಿಸುವವರಾರು? 1940ರ ದಶಕದಲ್ಲಿ ಅಮೆರಿಕದ ಸುಸಜ್ಜಿತ ಆಸ್ಪತ್ರೆಗಳು ಹೊಸ ಬಗೆಯ ಕಾವುಪೆಟ್ಟಿಗೆಗಳನ್ನು ತರಿಸಿ, ಅವುಗಳೊಳಗೆ ವಾರಗಟ್ಟಲೆ ಧಾರಾಳವಾಗಿ ಪ್ರಾಣವಾಯುವನ್ನು ಹರಿಯಿಸಿದವು. ಅದೇ ಕಾಲದಲ್ಲಿ, 1942ರಲ್ಲಿ, ಬಾಸ್ಟನ್ನಿನ ನೇತ್ರವೈದ್ಯ ಥಿಯೊಡೋರ್ ಟೆರಿಯವರು ಒಂದು ವಿಚಿತ್ರವಾದ ಅಂಧತ್ವವನ್ನು ವರ್ಣಿಸಿದರು. ದಿನ ತುಂಬದೆ ಹುಟ್ಟಿ ಹೇಗೋ ಬದುಕಿಕೊಂಡ ಮಕ್ಕಳ ಕಣ್ಣಿನ ಮಸೂರದ ಹಿಂದೆ ಬೂದುಬಣ್ಣದ ಪೊರೆ ಬೆಳೆದು ದೃಷ್ಟಿ ಶಾಶ್ವತವಾಗಿ ಹೋಗುತ್ತಿತ್ತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ಹೀಗೆ ಕುರುಡಾದರೆಂದು ಅಂದಾಜಿಸಲಾಗಿದೆ. ಆಶ್ಚರ್ಯವೆಂದರೆ, ಆರೈಕೆ ಎಲ್ಲಿ ಉತ್ತಮವೋ ಅಲ್ಲಿಯೇ ಈ ರೋಗ ಹೆಚ್ಚು.

ಕಾರಣ ತಿಳಿಯದೆ ವೈದ್ಯರು ಕೈಗೆ ಸಿಕ್ಕಿದ ಉಪಾಯಗಳನ್ನೆಲ್ಲ ಮಾಡಿದರು. ಅವುಗಳಲ್ಲಿ ಒಂದನ್ನು ಇಲ್ಲಿ ವಿಸ್ತರಿಸಿ ಹೇಳಬೇಕು. ನ್ಯೂಯಾರ್ಕಿನ ಬೇಬೀಸ್ ಹಾಸ್ಪಿಟಲ್‌ನಲ್ಲಿದ್ದ ಡಾ. ವಿಲಿಯಂ ಸಿಲ್ವರ್‌ಮನ್ನರು, ರೋಗ ತಲೆದೋರಿದ ಶಿಶುಗಳಿಗೆ ಆಗ ಹೊಸದಾಗಿ ಬಂದಿದ್ದ ಎ.ಸಿ.ಟಿ.ಎಚ್. ಎಂಬ ಹಾರ್ಮೋನನ್ನು ಕೊಟ್ಟುನೋಡಿದರು. 31 ಶಿಶುಗಳ ಪೈಕಿ 25 ಶಿಶುಗಳು ಒಳ್ಳೆಯ ದೃಷ್ಟಿಯೊಡನೆ ಮನೆಗೆ ಹೋದವು. ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಈ ಔಷಧಿಯಿಲ್ಲದೆ ಇದ್ದ 7 ಶಿಶುಗಳಲ್ಲಿ 6 ಕುರುಡಾದವು. ಇದಕ್ಕಿಂತ ಹೆಚ್ಚಿನ ಪ್ರಮಾಣ ಇನ್ನೇನು ಬೇಕು? ಇಂಥ ಔಷಧಿಯನ್ನು ಒಂದು ಮಗುವಿಗಾದರೂ ನಿರಾಕರಿಸುವುದು ಪಾಪವೆಂದು ಯಾರಿಗಾದರೂ ತೋರುತ್ತಿತ್ತು. ಆದರೂ ಸಿಲ್ವರ್‌ಮನ್ನರೂ ಅವರ ಸಂಗಡಿಗರೂ, ಮನಸ್ಸಿಲ್ಲದ ಮನಸ್ಸಿನಿಂದ, ಎರಡು ಬಣ್ಣದ ಗೋಲಿಗಳನ್ನು ಬೆರೆಸಿಟ್ಟು, ಕೈಗೆ ಬಂದ ಗೋಲಿಯ ಬಣ್ಣದಂತೆ ಒಂದು ಶಿಶುವಿಗೆ ಔಷಧಿ ಕೊಡುವುದು, ಇನ್ನೊಂದಕ್ಕೆ ಕೊಡದಿರುವುದು ಎಂಬ ಪರೀಕ್ಷೆಯನ್ನು ನಡೆಸಿದರು. ಫಲ ತಲೆಕೆಳಗಾಯಿತು. ಔಷಧಿ ಪಡೆದವುಗಳಲ್ಲಿ ಮೂರರಲ್ಲೊಂದು ಪಾಲು ದೃಷ್ಟಿ ಕಳೆದುಕೊಂಡರೆ, ಪಡೆಯದವುಗಳಲ್ಲಿ ಐದರಲ್ಲೊಂದು ಪಾಲು ಮಾತ್ರ. ಸತ್ತವುಗಳ ಸಂಖ್ಯೆಯೂ ಔಷಧಿ ಪಡೆದ ಪಂಗಡದಲ್ಲಿಯೇ ಹೆಚ್ಚು. ಆ ರೋಗ ಆರಂಭದ ಹಂತದಲ್ಲಿ ಬಹುಪಾಲು ಶಿಶುಗಳಲ್ಲಿ ತಾನಾಗಿಯೇ ಇಳಿದುಹೋಗುವಂಥದು. ಇಳಿದದ್ದನ್ನು ಕಂಡು ಔಷಧಿಗೆ ಕೀರ್ತಿ ಕಟ್ಟಿದ್ದಾಗಿತ್ತು. ಸಿಲ್ವರ್‌ಮನ್ನರು ತಮ್ಮ ವೃದ್ಧಾಪ್ಯದಲ್ಲಿ ಈ ಪ್ರಸಂಗವನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅಂಥ ನಿಷ್ಕಾಪಟ್ಯ ಯಾವ ಶಾಸ್ತ್ರದಲ್ಲಿಯೂ ಅಪರೂಪ.

ಪ್ರಾಣವಾಯುವಿನ ಮೇಲೆ ಸಂದೇಹ ಹುಟ್ಟಿದ್ದು 1951ರ ಹೊತ್ತಿಗೆ. ಮೆಲ್ಬೋರ್ನಿನ ಡಾ. ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆಯು, ಪ್ರಾಣವಾಯುವನ್ನು ಧಾರಾಳವಾಗಿ ಬಳಸುವಲ್ಲಿ ಈ ಕುರುಡು ಹೆಚ್ಚು, ಹಿಡಿತದಲ್ಲಿ ಬಳಸುವಲ್ಲಿ ಕಡಿಮೆ ಎಂಬುದನ್ನು ಗಮನಿಸಿದರು. ಅದೇ ವರ್ಷ ವಾಷಿಂಗ್ಟನ್ನಿನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿ ಆರ್ನಲ್ ಪಾಟ್ಸ್ ಎಂಬ ತರುಣ ನೇತ್ರವೈದ್ಯರು ಕೆಲವು ಶಿಶುಗಳಿಗೆ ವಾಡಿಕೆಯಂತೆ ಹೆಚ್ಚಾಗಿಯೂ, ಕೆಲವಕ್ಕೆ ಅಗತ್ಯವಿದ್ದಷ್ಟು ಮಾತ್ರವೂ ಪ್ರಾಣವಾಯು ಕೊಡುವ ಏರ್ಪಾಡು ಮಾಡಿದರು. ಅಲ್ಲಿಯ ಕೆಲವು ದಾದಿಯರಿಗೆ ಇದು ಶುದ್ಧ ಕ್ರೌರ್ಯವಾಗಿ ಕಂಡಿತು. ಹಗಲು ವೈದ್ಯರ ಮಾತಿಗೆ ತಲೆಬಾಗಿ, ರಾತ್ರಿ ಯಾರೂ ಇಲ್ಲದಾಗ ಅವರು ಆ ಶಿಶುಗಳಿಗೂ ಪ್ರಾಣವಾಯುವಿನ ಕೀಲಿಯನ್ನು ತಿರುಗಿಸಿ ಹೆಚ್ಚಿಸಿಬಿಡುತ್ತಿದ್ದರು.

ಈ ದಾದಿಯರ ವಿಷಯದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಅವರಲ್ಲಿ ಸ್ವಾರ್ಥದ ಲೇಶವೂ ಇರಲಿಲ್ಲ. ಕೆಲಸ ಹೋದರೆ ಹೋಗಲಿ, ಕಣ್ಣೆದುರಿಗೆ ಮಗು ಉಸಿರಿಗಾಗಿ ಒದ್ದಾಡುವುದನ್ನು ನೋಡಲಾರೆವು ಎಂಬ ಕರುಣೆಯೇ ಅವರ ಕೈಯನ್ನು ಚಲಿಸಿದ್ದು. ಇಂಥವರನ್ನು ನಿಂದಿಸುವವನ ಹೃದಯ ಕಲ್ಲಾಗಿರಬೇಕು. ಆದರೆ ಆ ಕರುಣೆಯ ಕೈಯೇ ಮಗುವಿನ ಕಣ್ಣಿಗೆ ಅಪಾಯವನ್ನು ಒಡ್ಡುತ್ತಿತ್ತು. ಸದ್ಭಾವ ಒಂದು, ಯಥಾರ್ಥಜ್ಞಾನ ಇನ್ನೊಂದು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬಂದುಬಿಡುವುದಿಲ್ಲ.

1953ರ ಜುಲೈಯಿಂದ ಒಂದು ವರ್ಷ, ಅಮೆರಿಕದ 18 ಆಸ್ಪತ್ರೆಗಳು ಕೂಡಿ ಈ ಪ್ರಶ್ನೆಯನ್ನು ಪರೀಕ್ಷಿಸಿದವು. 1500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ 786 ಶಿಶುಗಳು ಅದರಲ್ಲಿದ್ದವು. ಹಳೆಯ ಧಾರಾಳ ಪದ್ಧತಿಗೆ ಹೆಚ್ಚು ಮಕ್ಕಳನ್ನು ಒಡ್ಡಬಾರದೆಂದು ಮೂರರಲ್ಲೊಂದು ಶಿಶುವನ್ನು ಮಾತ್ರ, ಅದೂ ಮೊದಲ ಮೂರು ತಿಂಗಳು ಮಾತ್ರ, ಆ ಪಂಗಡಕ್ಕೆ ಸೇರಿಸಿದರು. 1954ರ ಸೆಪ್ಟೆಂಬರಿನಲ್ಲಿ ಫಲಿತಾಂಶ ಹೊರಬಿತ್ತು: ಕಣ್ಣಿನ ಒಳಗೆ ಕಲೆಯುಳಿಸುವ ರೋಗವು ಧಾರಾಳ ಪಂಗಡದಲ್ಲಿ ಮೂರು ಪಟ್ಟಿಗೂ ಮೀರಿ ಹೆಚ್ಚಾಗಿತ್ತು, ಸಾವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕುರುಡಿನ ಸಾಂಕ್ರಾಮಿಕವು ಬಹುಬೇಗನೆ ಇಳಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಲಭವಾಗುತ್ತಿತ್ತು. ಆ ಪರೀಕ್ಷೆಗೆ ಶಿಶುಗಳನ್ನು ತೆಗೆದುಕೊಂಡದ್ದು ಹುಟ್ಟಿದ 48 ಗಂಟೆಗಳ ನಂತರ. ದುರ್ಬಲ ಶಿಶುಗಳ ಸಾವು ಹೆಚ್ಚಾಗಿ ಸಂಭವಿಸುವುದಾದರೋ ಆ ಎರಡು ದಿನಗಳ ಒಳಗೇ. ಮೊದಲ ಎರಡು ದಿನಗಳ ವಿಷಯವನ್ನು ಆ ಪರೀಕ್ಷೆ ಕೇಳಿಯೇ ಇರಲಿಲ್ಲ. ಆದರೂ ವೈದ್ಯಲೋಕವು ಉತ್ತರವನ್ನು ಪ್ರಶ್ನೆಗಿಂತ ಉದ್ದವಾಗಿ ಎಳೆದುಕೊಂಡಿತು. ಹುಟ್ಟಿದ ಕ್ಷಣದಿಂದಲೇ ಪ್ರಾಣವಾಯುವನ್ನು ಬಿಗಿಹಿಡಿಯಿತು. ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ, 1973ರಲ್ಲಿ, ಇಂಗ್ಲೆಂಡಿನ ಕೆನೆತ್ ಕ್ರಾಸ್ ಎಂಬ ವಿದ್ವಾಂಸರು ಮೊದಲ ದಿನದ ಶಿಶುಮರಣಗಳ ಲೆಕ್ಕವನ್ನು ತೆಗೆದು, ಒಂದು ಮಗುವಿನ ದೃಷ್ಟಿಯುಳಿದದ್ದಕ್ಕೆ ಪ್ರತಿಯಾಗಿ 16 ಶಿಶುಗಳು ಸತ್ತಿರಬಹುದೆಂದು ಅಂದಾಜು ಮಾಡಿದರು. ಅಂದಾಜಿನಲ್ಲಿ ಹೆಚ್ಚುಕಡಿಮೆಯಿರಬಹುದು. ಆದರೆ ಆ ಸಾವುಗಳು ಯಾವ ಪರೀಕ್ಷೆಯಲ್ಲಿಯೂ ಆದವಲ್ಲ, ಅವಕ್ಕೆ ಯಾರೂ ಸಹಿ ಮಾಡಲಿಲ್ಲ, ಯಾರೂ ಲೆಕ್ಕವಿಡಲಿಲ್ಲ.

ಈಗ ಚೀಟಿಯ ಮೇಲಿನ ಆಕ್ಷೇಪವನ್ನು ಮತ್ತೆ ನೋಡೋಣ. ಚೀಟಿಯೆತ್ತುವುದು ವಿವೇಕವನ್ನು ಬಿಟ್ಟಂತೆ ಎನ್ನುವವರು, ಚೀಟಿಯಿಲ್ಲದಲ್ಲಿ ವಿವೇಕವಿತ್ತೆಂದು ಭಾವಿಸಿರುತ್ತಾರೆ. ಪರೀಕ್ಷಿಸದ ಚಿಕಿತ್ಸೆಯನ್ನು ಎಲ್ಲ ಮಕ್ಕಳಿಗೂ ಕೊಡುವುದು ಸಹ ಪ್ರಯೋಗವೇ. ವ್ಯತ್ಯಾಸವಿಷ್ಟೇ: ಅದರಲ್ಲಿ ಲೆಕ್ಕವಿರುವುದಿಲ್ಲ, ಹೋಲಿಕೆಯಿರುವುದಿಲ್ಲ, ಹಾನಿಯಾದರೆ ಅರಿವಾಗುವುದಿಲ್ಲ. 10,000 ಮಕ್ಕಳ ಕಣ್ಣು ಹೋದದ್ದು ಇಂಥ ಹೆಸರಿಲ್ಲದ ಪ್ರಯೋಗದಲ್ಲಿ. ಎರಡು ದಾರಿಗಳಲ್ಲಿ ಯಾವುದು ಲೇಸೆಂಬುದು ನಿಜವಾಗಿಯೂ ತಿಳಿಯದಿರುವಾಗ ಚೀಟಿಯು ಯಾವ ಮಗುವಿಗೂ ಅನ್ಯಾಯ ಮಾಡುವುದಿಲ್ಲ. 'ನಿಜವಾಗಿಯೂ' ಎಂಬ ಪದವೇ ಇಲ್ಲಿಯ ಜೀವಾಳ. ತಿಳಿದೂ ತಿಳಿಯದಂತೆ ನಟಿಸುವವನ ಕೈಯಲ್ಲಿ ಅದೇ ಚೀಟಿ ಅಧರ್ಮವಾಗುತ್ತದೆ.

ಇನ್ನು ತಂದೆತಾಯಿಗಳ ಅಧಿಕಾರದ ಪ್ರಶ್ನೆ. ಪರಹಿತಕ್ಕಾಗಿ ತನ್ನ ದೇಹವನ್ನು ಒಡ್ಡುವವನು ದಾನಿ. ಆದರೆ ದಾನಕ್ಕೆ ಮೊದಲು ಸ್ವಾಮ್ಯ ಬೇಕು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಮನುಷ್ಯನು ತನ್ನದನ್ನು ಕೊಡಬಹುದೆಂದು ಹೇಳುವಲ್ಲಿಯೇ ಹೆಂಡತಿಯನ್ನೂ ಮಗನನ್ನೂ ಅದರಿಂದ ಹೊರಗಿಡುತ್ತದೆ. ನಮ್ಮ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದದ್ದು ಇದೇ ಸ್ಮೃತಿಗೆ. ಮಗು ತಂದೆಯ ಸೊತ್ತಲ್ಲ, ಲೋಕೋಪಕಾರದ ಹೆಸರಿನಲ್ಲಿ ಕೂಡ ಅದನ್ನು ಒಪ್ಪಿಸಿಬಿಡುವಂತಿಲ್ಲ. ತಂದೆತಾಯಿಗಳ ಸ್ಥಾನ ಒಡೆಯರದಲ್ಲ, ನ್ಯಾಸವನ್ನು ಕಾಯುವವರದು. ನ್ಯಾಸವಾಗಿಟ್ಟ ಒಡವೆಯನ್ನು ಕಾಯುವವನು ಅದನ್ನು ದಾನ ಮಾಡಲಾರನು. ಆದರೆ ಮನೆಗೆ ಬೆಂಕಿ ಬಿದ್ದಾಗ ಎರಡು ಬಾಗಿಲುಗಳಲ್ಲಿ ಯಾವುದು ಸುರಕ್ಷಿತವೆಂದು ತಿಳಿಯದಿದ್ದರೆ, ಒಂದನ್ನು ಹಿಡಿದು ಹೊರಗೆ ಓಡಬಲ್ಲನು. ರೋಗಗ್ರಸ್ತ ಶಿಶುವನ್ನು ಪರೀಕ್ಷೆಗೆ ಸೇರಿಸುವುದು ಈ ಎರಡನೆಯ ಬಗೆಯದಾಗಿರುವವರೆಗೆ ಮಾತ್ರ ತಂದೆತಾಯಿಗಳ ಸಹಿಗೆ ಬೆಲೆಯುಂಟು.

ಮೊದಲನೆಯ ಬಗೆಯದೂ ನಡೆದಿದೆ. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬಲ್ಲಿ ಬುದ್ಧಿಮಾಂದ್ಯ ಮಕ್ಕಳನ್ನಿಟ್ಟಿದ್ದ ಸರ್ಕಾರಿ ಶಾಲೆಯಲ್ಲಿ, 1956ರಿಂದ ಮೊದಲ್ಗೊಂಡು ಹಲವಾರು ವರ್ಷ, ಕಾಮಾಲೆಯ ಸೋಂಕನ್ನು ಬೇಕೆಂದೇ ಮಕ್ಕಳಿಗೆ ಕೊಟ್ಟು ಅಧ್ಯಯನ ಮಾಡಿದರು. ಅಲ್ಲಿರುವ ಮಕ್ಕಳಿಗೆ ಹೇಗೂ ಆ ಸೋಂಕು ತಗುಲಿಯೇ ತಗುಲುವುದೆಂಬುದು ಅವರ ಸಮರ್ಥನೆ. ತಂದೆತಾಯಿಗಳ ಸಹಿಯೂ ಇತ್ತು. ಅದರಿಂದ ಕಾಮಾಲೆಯ ಬಗೆಗಳ ವಿಷಯದಲ್ಲಿ ಉಪಯುಕ್ತವಾದ ಜ್ಞಾನ ದೊರೆತದ್ದು ನಿಜ. ಆದರೆ ಹೊಲಸನ್ನು ತೊಳೆಯುವ ಬದಲು ಅದನ್ನು ಬಾಯಿಗಿಟ್ಟದ್ದಕ್ಕೆ ಸಮಾಧಾನವಿಲ್ಲ. ಇದರ ಬಗ್ಗೆ ಹೆಚ್ಚು ಬರೆಯಲು ನಮ್ಮ ಲೇಖನಿ ಹಿಂಜರಿಯುತ್ತದೆ.

ನ್ಯಾಸವನ್ನು ಕಾಯುವವನಿಗೆ ನಿಜವನ್ನು ಮುಚ್ಚಿಟ್ಟರೆ ಅವನು ಹೇಗೆ ಕಾಯಬಲ್ಲನು? ಇಲ್ಲಿಯೂ ಮತ್ತೆ ಪ್ರಾಣವಾಯುವಿನ ಪ್ರಸಂಗವೇ ಒದಗಿಬರುತ್ತದೆ. ಐವತ್ತು ವರ್ಷ ಕಳೆದರೂ, ಎಷ್ಟು ಕೊಟ್ಟರೆ ಜೀವವೂ ಕಣ್ಣೂ ಎರಡೂ ಉಳಿದಾವೆಂಬುದು ಇತ್ಯರ್ಥವಾಗಿರಲಿಲ್ಲ. 2005ರಿಂದ 2009ರವರೆಗೆ ಅಮೆರಿಕದಲ್ಲಿ 'ಸಪೋರ್ಟ್' ಎಂಬ ಹೆಸರಿನ ಪರೀಕ್ಷೆ ನಡೆಯಿತು. 24ರಿಂದ 27 ವಾರಗಳಿಗೇ ಹುಟ್ಟಿದ 1316 ಶಿಶುಗಳ ರಕ್ತದಲ್ಲಿ ಪ್ರಾಣವಾಯುವಿನ ಅಂಶವನ್ನು ಒಂದು ಪಂಗಡದಲ್ಲಿ ನೂರಕ್ಕೆ 85ರಿಂದ 89ರಷ್ಟೂ, ಇನ್ನೊಂದರಲ್ಲಿ 91ರಿಂದ 95ರಷ್ಟೂ ಇರುವಂತೆ ನೋಡಿಕೊಂಡರು. ಎರಡೂ ಆಗ ವಾಡಿಕೆಯಲ್ಲಿದ್ದ ಮಿತಿಯೊಳಗಿನವೇ. 2010ರಲ್ಲಿ ಪ್ರಕಟವಾದ ಫಲ ಹೀಗಿತ್ತು: ಕಡಿಮೆ ಮಟ್ಟದ ಪಂಗಡದಲ್ಲಿ ಬದುಕಿದವುಗಳ ಪೈಕಿ ತೀವ್ರ ಕಣ್ಣಿನ ರೋಗ ನೂರಕ್ಕೆ 8.6, ಹೆಚ್ಚಿನ ಪಂಗಡದಲ್ಲಿ 17.9, ಆದರೆ ಸಾವು ಕಡಿಮೆ ಮಟ್ಟದಲ್ಲಿ 19.9, ಹೆಚ್ಚಿನ ಮಟ್ಟದಲ್ಲಿ 16.2. ಕಣ್ಣು ಉಳಿಸಹೋದರೆ ಜೀವ, ಜೀವ ಉಳಿಸಹೋದರೆ ಕಣ್ಣು ಎಂಬ ಹಳೆಯ ಇಕ್ಕಟ್ಟೇ ಅಂಕಿಗಳಲ್ಲಿ ಮೂಡಿಬಂದಿತು.

2013ರಲ್ಲಿ ಅಲ್ಲಿಯ ಸರ್ಕಾರದ ಮೇಲ್ವಿಚಾರಣೆಯ ಕಚೇರಿಯು, ಕಣ್ಣಿಗೂ ಜೀವಕ್ಕೂ ಇರುವ ಅಪಾಯವನ್ನು ಒಪ್ಪಿಗೆ ಪತ್ರಗಳಲ್ಲಿ ತಂದೆತಾಯಿಗಳಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲವೆಂದು ಆಕ್ಷೇಪವೆತ್ತಿತು. ಅನೇಕ ಹೆಸರಾಂತ ವೈದ್ಯರು ಪ್ರತಿಭಟಿಸಿದರು. ಎರಡೂ ವಾಡಿಕೆಯ ಚಿಕಿತ್ಸೆಗಳೇ ಆಗಿರುವಾಗ ಪರೀಕ್ಷೆಯಿಂದ ಹೆಚ್ಚಿನ ಅಪಾಯವೆಲ್ಲಿ ಬಂತೆಂದು ಅವರ ವಾದ. ಪರೀಕ್ಷೆಯನ್ನು ನಡೆಸಿದ್ದು ತಪ್ಪಲ್ಲವೆಂಬ ಮಟ್ಟಿಗೆ ನಾವು ಆ ವೈದ್ಯರ ಪಕ್ಷ. ಆದರೆ ಒಪ್ಪಿಗೆ ಪತ್ರದ ವಿಷಯದಲ್ಲಿ ಅವರ ವಾದವನ್ನು ಒಪ್ಪಲಾರೆವು. ಮಗುವಿನ ಕಣ್ಣು, ಮಗುವಿನ ಉಸಿರು – ಇವೆರಡರ ಗತಿಯೇನಾಗುವುದೆಂದು ತಿಳಿಯಲೆಂದೇ ಪರೀಕ್ಷೆಯನ್ನು ಹೂಡಿದ ಮೇಲೆ, ಆ ಎರಡು ಮಾತುಗಳನ್ನು ತಾಯಿಯೊಡನೆ ಆಡದಿರುವುದು ಹೇಗೆ ಸರಿ? ತಿಳಿಸಿದರೆ ಹೆದರುತ್ತಾರೆ, ಹೆದರಿದರೆ ಒಪ್ಪುವುದಿಲ್ಲ ಎನ್ನಬಹುದು. ಹಾಗಾದರೆ ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಪ್ರಸಂಗವಶಾತ್ ಒಂದು ಮಾತು. 2018ರಲ್ಲಿ ಇಂಥ ಐದು ಪರೀಕ್ಷೆಗಳ ಸುಮಾರು 5000 ಶಿಶುಗಳ ಲೆಕ್ಕವನ್ನು ಒಟ್ಟುಗೂಡಿಸಿದಾಗ ಹೆಚ್ಚಿನ ಮಟ್ಟವೇ ಜೀವಕ್ಕೆ ಲೇಸೆಂಬುದು ದೃಢವಾಯಿತು. ಹಾಗಾಗಿ ಜೀವವುಳಿದ ಶಿಶುವಿನ ಕಣ್ಣನ್ನು ಕಾಯುವ ಹೊಣೆ ಹೆಚ್ಚಿದೆ. ನಮ್ಮ ದೇಶದಲ್ಲಿ 34 ವಾರಗಳಿಗೆ ಮೊದಲು ಹುಟ್ಟಿದ ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಶಿಶುವಿನ ಕಣ್ಣಿನ ಒಳಭಾಗವನ್ನು 30 ದಿನಗಳೊಳಗೆ ತಜ್ಞರು ಪರೀಕ್ಷಿಸಬೇಕೆಂಬ ನಿಯಮವಿದೆ. ತೀರಾ ಬೇಗ ಹುಟ್ಟಿದವಕ್ಕೆ ಇನ್ನೂ ಮೊದಲೇ. ಸಕಾಲದಲ್ಲಿ ಕಂಡರೆ ಲೇಸರ್ ಚಿಕಿತ್ಸೆಯಿಂದ ಬಹುಪಾಲು ದೃಷ್ಟಿಯನ್ನು ಉಳಿಸಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಿಂದ ಕ್ಯಾಮೆರಾದೊಡನೆ ತಂತ್ರಜ್ಞರನ್ನು ಜಿಲ್ಲೆಗಳ ಆಸ್ಪತ್ರೆಗಳಿಗೆ ಕಳುಹಿಸಿ ಈ ಕಾರ್ಯವನ್ನು ಮಾಡುತ್ತ ಬಂದಿದೆ. ಬೇಗ ಹುಟ್ಟಿದ ಮೊಮ್ಮಗುವಿರುವ ಹಿರಿಯರು ಈ 30 ದಿನಗಳನ್ನು ಪಂಚಾಂಗದಲ್ಲಿ ಗುರುತು ಹಾಕಿಕೊಂಡಿರಬೇಕು.

ಕಡೆಯದಾಗಿ, ನಮಗೆ ಹತ್ತಿರದ ಒಂದು ಉದಾಹರಣೆ. ಹೆರಿಗೆಯ ವೇಳೆ ಉಸಿರುಗಟ್ಟಿ ಮೆದುಳಿಗೆ ಪೆಟ್ಟಾದ ಶಿಶುವಿನ ದೇಹವನ್ನು ಮೂರು ದಿನ ತಂಪಾಗಿರಿಸಿದರೆ ಸಾವೂ ಅಂಗವೈಕಲ್ಯವೂ ಕಡಿಮೆಯಾಗುವುವೆಂದು ಶ್ರೀಮಂತ ದೇಶಗಳ ಪರೀಕ್ಷೆಗಳಲ್ಲಿ ಸಿದ್ಧವಾಗಿತ್ತು. ಅಲ್ಲಿ ಅದು ರೂಢಿಯ ಚಿಕಿತ್ಸೆಯಾಯಿತು. ಅಲ್ಲಿ ಸಿದ್ಧವಾದದ್ದನ್ನು ಇಲ್ಲಿ ಮತ್ತೆ ಪರೀಕ್ಷಿಸುವುದೇಕೆ, ಅರ್ಧ ಮಕ್ಕಳಿಗೆ ಅದನ್ನು ನಿರಾಕರಿಸುವುದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಬಂತು. ಆದರೂ 2015ರಿಂದ 2019ರವರೆಗೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಏಳು ಆಸ್ಪತ್ರೆಗಳಲ್ಲಿ 'ಹೀಲಿಕ್ಸ್' ಎಂಬ ಪರೀಕ್ಷೆ ನಡೆಯಿತು. ಬೆಂಗಳೂರಿನ ಆಸ್ಪತ್ರೆಗಳೂ ಅದರಲ್ಲಿದ್ದವು. ಒಟ್ಟು 408 ಶಿಶುಗಳು. 2021ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ತಂಪಾಗಿರಿಸಿದ ಪಂಗಡದಲ್ಲಿ ನೂರಕ್ಕೆ 42 ಶಿಶುಗಳು ತೀರಿಕೊಂಡರೆ, ಸಾಮಾನ್ಯ ಆರೈಕೆಯ ಪಂಗಡದಲ್ಲಿ 31. ಸಾವು ಮತ್ತು ಅಂಗವೈಕಲ್ಯ ಎರಡನ್ನೂ ಸೇರಿಸಿ ನೋಡಿದರೆ ಯಾವ ಲಾಭವೂ ಕಾಣಲಿಲ್ಲ. ಪರದೇಶದ ಪ್ರಮಾಣವನ್ನು ನಮ್ಮ ತೊಟ್ಟಿಲಿಗೆ ನೇರವಾಗಿ ಅನ್ವಯಿಸುವಂತಿರಲಿಲ್ಲವೆಂದಾಯಿತು. ಪರೀಕ್ಷೆ ನಡೆಯದೆ ಇದ್ದಿದ್ದರೆ ಈ ಚಿಕಿತ್ಸೆಯನ್ನು ಒಳ್ಳೆಯ ಮನಸ್ಸಿನಿಂದಲೇ ನಮ್ಮ ಎಲ್ಲ ದೊಡ್ಡ ಆಸ್ಪತ್ರೆಗಳಿಗೂ ತರುವ ಉತ್ಸಾಹ ಹಬ್ಬುತ್ತಿತ್ತು. ವಾಷಿಂಗ್ಟನ್ನಿನ ಆ ದಾದಿಯರ ಕೈಯಂತೆಯೇ.

ಆದರೆ ಈ ಪರೀಕ್ಷೆಯ ಒಂದು ಅಂಶ ನಮ್ಮ ಮನಸ್ಸನ್ನು ಇನ್ನೂ ಕಾಡುತ್ತದೆ. ತಂಪು ಮಾಡುವುದನ್ನು ಹುಟ್ಟಿದ ಆರು ಗಂಟೆಗಳೊಳಗೆ ಆರಂಭಿಸಬೇಕು. ಅಂದರೆ ಒಪ್ಪಿಗೆಯನ್ನು ಕೇಳುವುದೂ ಅದರೊಳಗೇ. ತಾಯಿ ಹೆರಿಗೆಯ ಕೊಠಡಿಯಿಂದ ಇನ್ನೂ ಹೊರಬಂದಿರುವುದಿಲ್ಲ. ಕೆಲವೊಮ್ಮೆ ಬೇರೊಂದು ಆಸ್ಪತ್ರೆಯಲ್ಲಿಯೇ ಇರುತ್ತಾಳೆ. ಹಳ್ಳಿಯಿಂದ ಬಂದ ತಂದೆ ಔಷಧಿಯ ಚೀಟಿ ಹಿಡಿದು ಅಂಗಡಿಗೆ ಓಡುತ್ತಿರುತ್ತಾನೆ. ಅವನ ಕೈಗೆ ಹಲವು ಪುಟಗಳ ಕಾಗದವನ್ನಿತ್ತು, ಇದು ಐಚ್ಛಿಕ, ಒಪ್ಪದಿದ್ದರೂ ನಿನ್ನ ಮಗುವಿನ ಆರೈಕೆಗೆ ಕೊರತೆಯಿಲ್ಲ ಎಂದರೆ, ಕೇಳುವ ಸ್ಥಿತಿಯಲ್ಲಿ ಅವನಿರುವನೇ? ಸರ್ಕಾರಿ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರರಿಗೆ ಇಲ್ಲವೆನ್ನುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳು ತಂದೆತಾಯಿಗಳ ಒಪ್ಪಿಗೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿಯೇ ಪಡೆಯಬೇಕೆನ್ನುತ್ತವೆ. ಏಳು ವರ್ಷ ದಾಟಿದ ಮಗುವಾದರೆ ಅದರ ಮಾತನ್ನೂ ಕೇಳಬೇಕೆನ್ನುತ್ತವೆ. ಕಾಗದದ ಮಟ್ಟಿಗೆ ಇದರಲ್ಲಿ ನ್ಯೂನತೆಯಿಲ್ಲ.

ಆ ಆರು ಗಂಟೆಗಳಲ್ಲಿ ತಂದೆಯೊಬ್ಬನನ್ನೇ ಗೋಡೆಗೊರಗಿಸಿ ನಿಲ್ಲಿಸಿ ಸಹಿ ಕೇಳುವ ಬದಲು, ಜೊತೆಗೆ ಬಂದ ಅಜ್ಜಿಯನ್ನೋ ಸೋದರಮಾವನನ್ನೋ ಕರೆಯಿಸಿ ಕುಳ್ಳಿರಿಸಿ, ಪರೀಕ್ಷೆಯೊಡನೆ ಸಂಬಂಧವಿಲ್ಲದ ಇನ್ನೊಬ್ಬ ವೈದ್ಯರು ಕನ್ನಡದಲ್ಲಿ ಎರಡು ಸಾರಿ ಓದಿ ಹೇಳುವಂತಾಗಬೇಕೆಂದು ನಾವು ಬಯಸುತ್ತೇವೆ. 'ನಮಗೂ ಇದು ತಿಳಿಯದು, ಆದುದರಿಂದಲೇ ಕೇಳುತ್ತಿದ್ದೇವೆ' ಎಂಬ ಮಾತು ಅದರಲ್ಲಿ ಮೊದಲ ಸಾಲಿನಲ್ಲಿಯೇ ಇರಲಿ. ಪರೀಕ್ಷೆ ಮುಗಿದು ಫಲ ಹೊರಬಿದ್ದ ಮೇಲೆ, ಅದು ಎಷ್ಟೇ ಕಹಿಯಾಗಿರಲಿ, ಪರದೇಶದ ಪತ್ರಿಕೆಗೆ ಹೋಗುವಷ್ಟೇ ಶ್ರದ್ಧೆಯಿಂದ ಆ ಮನೆಯ ವಿಳಾಸಕ್ಕೂ ಹೋಗಲಿ. ತೊಟ್ಟಿಲು ಬರಿದಾದ ಮನೆಗೂ.